ನಮ್ಮ ಬಾಮೈದನ ಪ್ಲೇಟು

ಸಂಗೀತ ಬಲ್ಲವರು ಬೇರೆ, ಸಂಗೀತ ಬಲ್ಲವರೆಂದು ಹೆಸರಾದವರು ಬೇರೆ. ನಾನು ಎರಡನೆಯ ಪಂಗಡದವನು. ಈ ಹೆಸರು ನನಗೆ ಬಂದದ್ದು ಮಂಡ್ಯದ ರಾಮೋತ್ಸವದ ಚಪ್ಪರದಲ್ಲಿ. ಅಲ್ಲಿ ಪ್ರತಿವರ್ಷವೂ ನನ್ನ ಮುಂದಿನ ಸಾಲಿನಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರು ಕೂರುತ್ತಿದ್ದರು. ಅವರಿಗೆ ಸಂಗೀತ ನಿಜವಾಗಿಯೂ ಗೊತ್ತಿತ್ತು. ಅವರ ತಲೆ ಬಲಕ್ಕೆ ವಾಲಿದರೆ ನನ್ನ ತಲೆಯೂ ಬಲಕ್ಕೆ ವಾಲುತ್ತಿತ್ತು. ಅವರು 'ಭಲೆ' ಎಂದರೆ ನಾನು ಒಂದು ಉಸಿರು ಬಿಟ್ಟು 'ಭಲೆ' ಎನ್ನುತ್ತಿದ್ದೆ. ತಡವಾಗಿ ಹೇಳುತ್ತಿದ್ದುದರಿಂದ, ನಾನು ಶಿರಸ್ತೇದಾರರಿಗಿಂತ ಆಳವಾಗಿ ಯೋಚಿಸಿ ಹೇಳುತ್ತೇನೆಂದು ಹಿಂದಿನ ಸಾಲಿನವರು ತಿಳಿದರೆಂದು ಕಾಣುತ್ತದೆ. ಹಿಂದಿನ ಸಾಲಿನಲ್ಲಿ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರೂ ಇದ್ದರು. ಸಮಾಜ ಪಾಠ ಹೇಳುವ ನನ್ನನ್ನು ಅವರು ವಾರ್ಷಿಕೋತ್ಸವದ ಪ್ರಾರ್ಥನೆಗೆ ಹುಡುಗಿಯರನ್ನು ಆರಿಸುವ ಕೆಲಸಕ್ಕೆ ಹಾಕಿದರು. ನಾನು ಜೋರಾಗಿ ಹಾಡುವವರನ್ನೆಲ್ಲ ಆರಿಸಿದೆ. ಕೊನೆಯ ಬೆಂಚಿನವರಿಗೂ ಪ್ರಾರ್ಥನೆ ಕೇಳಿಸಿತೆಂದು ಎಲ್ಲರೂ ಮೆಚ್ಚಿಕೊಂಡರು. ಹೀಗೆ ಬಂದ ಹೆಸರನ್ನು ಕಳೆದುಕೊಳ್ಳುವ ಅಗತ್ಯ ನನಗೇನೂ ಕಂಡಿರಲಿಲ್ಲ.

ನನ್ನ ಹೆಂಡತಿ ಸುಶೀಲಳಿಗೆ ಒಬ್ಬನೇ ತಮ್ಮ. ಹೆಸರು ನಾಗರಾಜ, ನಮಗೆಲ್ಲ ನಾಗು. ಬೆಂಗಳೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ ಅಲ್ಲೇ ಒಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದ. ಹಗಲೆಲ್ಲ ಕೆಲಸ, ಸಂಜೆಯಾದರೆ ಗಿಟಾರು. ತನ್ನಂಥವರೇ ಇನ್ನೂ ಮೂವರನ್ನು ಸೇರಿಸಿಕೊಂಡು ಒಂದು ತಂಡ ಕಟ್ಟಿದ್ದ. ತಂಡದ ಹೆಸರು 'ದಿ ರಸ್ಟಿ ಗೇಟ್ಸ್'. ಹಾಗೆಂದರೆ ತುಕ್ಕು ಹಿಡಿದ ಗೇಟುಗಳು. ಅವರು ಅಭ್ಯಾಸ ಮಾಡುತ್ತಿದ್ದುದು ಯಾರದೋ ಹಳೆಯ ಗೋಡೌನಿನಲ್ಲಂತೆ. ಅದರ ಗೇಟು ತೆಗೆಯುವಾಗ ಬರುತ್ತಿದ್ದ ಸದ್ದು ನಾಲ್ವರಿಗೂ ಬಹಳ ಹಿಡಿಸಿತಂತೆ. "ಒಂದು ಚೂರು ಎಣ್ಣೆ ಬಿಡಬಾರದಿತ್ತಾ?" ಎಂದು ಕೇಳಿದೆ. "ಎಣ್ಣೆ ಬಿಟ್ಟಿದ್ರೆ ತಂಡಾನೇ ಇರ್ತಿರ್ಲಿಲ್ಲ ಭಾವ" ಎಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಅವನ ಕೂದಲು ಭುಜದವರೆಗೆ ಇತ್ತು, ಪ್ಯಾಂಟು ಪಾದದ ಹತ್ತಿರ ಲಂಗದಂತೆ ಅಗಲವಾಗಿತ್ತು. ಆದರೆ ಮಾತು ಮಾತ್ರ ಬಹಳ ಕಡಿಮೆ, ಮತ್ತು ಆಡಿದ್ದೆಲ್ಲ ನಿಜ. ಹೆಣ್ಣು ಹುಡುಕುವ ಕಾಲದಲ್ಲಿ ಈ ಎರಡನೆಯ ಗುಣ ಕೂದಲಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಈ ನಾಲ್ವರು ಮದರಾಸಿಗೆ ಹೋಗಿ ಒಂದು ಲಾಂಗ್ ಪ್ಲೇ ರೆಕಾರ್ಡು ಮಾಡಿಸಿಕೊಂಡು ಬಂದರು. ನಮ್ಮ ಕಡೆ ಇದಕ್ಕೆ 'ಪ್ಲೇಟು ಕೊಡುವುದು' ಎನ್ನುತ್ತಾರೆ. ತನ್ನ ತಮ್ಮ ಪ್ಲೇಟು ಕೊಟ್ಟಿದ್ದಾನೆಂದು ಸುಶೀಲ ನಮ್ಮ ಬೀದಿಗೆಲ್ಲ ಹೇಳಿದಳು. ಪ್ಲೇಟಿನ ರಟ್ಟಿನ ಹೊದಿಕೆಯ ಮೇಲೆ ನಾಲ್ವರೂ ಒಂದು ತಗಡಿನ ಗೇಟಿನ ಕಡೆಗೆ ಮುಖ ಮಾಡಿ, ನಮ್ಮ ಕಡೆಗೆ ಬೆನ್ನು ಮಾಡಿ ನಿಂತ ಫೋಟೋ ಇತ್ತು. ಎಡಗಡೆಯಿಂದ ಎರಡನೆಯ ಬೆನ್ನು ನಮ್ಮವನದು. ಸುಶೀಲ ಆ ಬೆನ್ನಿನ ಮೇಲೆ ಬೆರಳಿಟ್ಟು ಬಂದವರಿಗೆಲ್ಲ ತೋರಿಸಿ ಆ ಜಾಗ ಸ್ವಲ್ಪ ಮಾಸಿತು.

ಪ್ಲೇಟಿನ ಒಳಗಿನ ವಿಚಾರವನ್ನು ನಾಗು ನನಗೆ ಸಾವಧಾನವಾಗಿ ವಿವರಿಸಿದ. ತಂಡದಲ್ಲಿ ಇಬ್ಬರಿಗೆ ಗದ್ದಲ ಬೇಕಂತೆ, ಇಬ್ಬರಿಗೆ ಇಂಪು ಬೇಕಂತೆ. ಡ್ರಮ್ಮು ಬಾರಿಸುವವನು ಗದ್ದಲದ ಪಕ್ಷ. ನಮ್ಮವನು ಇಂಪಿನ ಪಕ್ಷದಲ್ಲಿದ್ದನೆಂದು ತಿಳಿದು ನನಗೆ ಸಮಾಧಾನವಾಯಿತು, ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಜಗಳವಾಡಿ, ಮಾತು ಬಿಟ್ಟು, ಮತ್ತೆ ಸೇರಿ, ಕೊನೆಗೆ ಎಲ್ಲ ಹಾಡಿನಲ್ಲೂ ಎರಡೂ ಇರಬೇಕೆಂದು ರಾಜಿಯಾದರಂತೆ. ಮೊದಲು ಗದ್ದಲ, ಅದರ ಒಳಗಿಂದ ಮೆಲ್ಲನೆ ಒಂದು ರಾಗ ಎದ್ದು ಬರಬೇಕು. "ಬರೀ ಗದ್ದಲ ಇದ್ರೆ ಜನ ಎದ್ದು ಹೋಗ್ತಾರೆ ಭಾವ. ಬರೀ ಇಂಪಿದ್ರೆ ನಿದ್ದೆ ಮಾಡ್ತಾರೆ. ಎರಡೂ ಆಗಬಾರ್ದು. ಕೂತೂ ಇರಬೇಕು, ಎಚ್ಚರವಾಗೂ ಇರಬೇಕು" ಎಂದ. ಎಂಟನೆಯ ತರಗತಿಯ ಬಿ ಸೆಕ್ಷನ್ನಿನಲ್ಲಿ ನಾನು ಬಹಳ ವರ್ಷಗಳಿಂದ ಇದನ್ನೇ ಸಾಧಿಸಲು ನೋಡುತ್ತಿದ್ದೇನೆ, ಆಗಿಲ್ಲ ಎಂದೆ. ಅವನು ಅದನ್ನು ಗಂಭೀರವಾಗಿ ಯೋಚಿಸಿ, "ನೀವು ಇಂಪಿಂದ ಶುರು ಮಾಡ್ತೀರೇನೋ" ಎಂದ.

ಪ್ಲೇಟಿನ ಜೊತೆಗೆ ಅವನು ಸೂಟ್‌ಕೇಸಿನಂತೆ ಮುಚ್ಚಿ ಹಿಡಿದುಕೊಂಡು ಹೋಗಬಹುದಾದ ಒಂದು ರೆಕಾರ್ಡ್ ಪ್ಲೇಯರನ್ನೂ ನಮ್ಮ ಮನೆಯಲ್ಲಿ ಬಿಟ್ಟುಹೋದ. ಒಂದು ಭಾನುವಾರ ನಾವು ಅದನ್ನು ಹಾಕಿದೆವು. ಏನಾಯಿತೆಂದು ಹೇಳುವುದು ಕಷ್ಟ. ಮೊದಲ ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಪಕ್ಕದಲ್ಲೇ ಇದ್ದ ನಮ್ಮ ಮನೆಯ ಮಾಲೀಕರು ಬಂದು, "ಅಟ್ಟದಿಂದ ಏನಾದ್ರೂ ಬಿತ್ತಾ ಮೇಷ್ಟ್ರೇ?" ಎಂದು ವಿಚಾರಿಸಿದರು. ಇಲ್ಲ, ಇದು ನಮ್ಮ ಬಾಮೈದನ ಸಂಗೀತ ಎಂದೆ. ಅವರು ವಿ.ಸಿ. ಫಾರಂನಲ್ಲಿ ಬತ್ತದ ತಳಿಗಳನ್ನು ನೋಡಿಕೊಳ್ಳುವವರು, ಯಾವುದನ್ನೂ ಪರೀಕ್ಷಿಸದೆ ತಳ್ಳಿಹಾಕುವವರಲ್ಲ. ಸಂಗೀತ ಕೇಳಿಸಿದರೆ ಗಿಡ ಚೆನ್ನಾಗಿ ಬರುತ್ತದೆಂದು ಎಲ್ಲೋ ಓದಿದ್ದೇನೆಂದು ಹೇಳಿ, ನಮ್ಮ ಕಿಟಕಿಯ ಕೆಳಗಿದ್ದ ತಮ್ಮ ಕರಿಬೇವಿನ ಗಿಡವನ್ನು ಒಂದು ವಾರ ಗಮನಿಸಿದರು. ಆಮೇಲೆ ಆ ವಿಷಯ ಎತ್ತಲಿಲ್ಲ, ಗಿಡಕ್ಕೆ ಮಾತ್ರ ಒಂದು ತಡಿಕೆ ಅಡ್ಡ ಕಟ್ಟಿಸಿದರು. ನಾನು ಗದ್ದಲದ ಒಳಗಿಂದ ರಾಗ ಬರಲೆಂದು ಪ್ರಾಮಾಣಿಕವಾಗಿ ಕಾದೆ. ಬರುತ್ತಿತ್ತೋ ಏನೋ, ಅಷ್ಟರಲ್ಲಿ ನನಗೆ ತಲೆನೋವು ಬರುತ್ತಿತ್ತು. ಸುಶೀಲ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೊನೆಯವರೆಗೂ ಕೂತಿದ್ದು, "ಎಷ್ಟು ಕಷ್ಟಪಟ್ಟಿದಾನೆ ಪಾಪ" ಎಂದಳು. ನಾನು ಅದೇ ಮಾತನ್ನು ಬೇರೆ ಅರ್ಥದಲ್ಲಿ ಒಪ್ಪಿದೆ.

ನಮ್ಮ ಮಾವನವರು ತೀರಿಕೊಂಡಿದ್ದರಿಂದ ನಾಗುವಿನ ಮದುವೆಯ ಜವಾಬ್ದಾರಿ ನನ್ನ ಮೇಲೆ ಬಿದ್ದಿತ್ತು. ಅದುವರೆಗೆ ನೋಡಿದ ಸಂಬಂಧಗಳೆಲ್ಲ ಗಿಟಾರು ಎಂಬ ಮಾತು ಬರುವವರೆಗೆ ಚೆನ್ನಾಗಿ ನಡೆದು, ಆ ಮಾತು ಬಂದೊಡನೆ ನಿಂತುಹೋಗಿದ್ದವು. ಸುಶೀಲ ಒಳಗೊಳಗೇ ಕೊರಗುತ್ತಿದ್ದಳು. ಆಗ ಕಿರುಗಾವಲಿನ ಬೋರೇಗೌಡರ ಮಗಳ ವಿಚಾರ ಬಂತು. ಬೋರೇಗೌಡರು ನನ್ನ ತಾಯಿಯ ಕಡೆಯಿಂದ ದೂರದ ನೆಂಟರು. ಗದ್ದೆ, ಕಬ್ಬು, ಬಾವಿಗೆ ಮೋಟರು ಎಲ್ಲ ಇದ್ದವರು. ಮಗಳು ಭಾಗ್ಯ ಮಳವಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಈ ಸಲ ನಾನು ಗಿಟಾರೆಂದು ಹೇಳಲಿಲ್ಲ, 'ತಂತಿ ವಾದ್ಯ' ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ. ಬೋರೇಗೌಡರು ವೀಣೆ ಎಂದು ತಿಳಿದುಕೊಂಡರೆ ಅದು ಅವರ ಇಷ್ಟ. ಪ್ಲೇಟಿನ ಸುದ್ದಿಯನ್ನೂ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. "ಪ್ಲೇಟ್ ಕೊಟ್ಟವ್ರೆ ಅಂದ್ರೆ ದೊಡ್ಡ ಇದ್ವಾಂಸರೇ ಇರ್ಬೇಕು. ಎಣ್ಣು ನೋಡಾಕೆ ಬರೋವಾಗ ತತ್ತನ್ನಿ. ನಮ್ಮವ್ವನೂ ಕೇಳ್ಲಿ" ಎಂದರು. ಇದು ನಾನು ನಿರೀಕ್ಷಿಸದ ತಿರುವು.

ಹೊರಡುವ ದಿನ ಬೆಳಿಗ್ಗೆ ಸುಶೀಲ ತಮ್ಮನ ಕೂದಲಿಗೆ ಕೈತುಂಬ ಕೊಬ್ಬರಿ ಎಣ್ಣೆ ಹಾಕಿ ಹಿಂದಕ್ಕೆ ಬಾಚಿದಳು. ತಂಡದ ಹೆಸರಿನ ದೃಷ್ಟಿಯಿಂದ ಅದು ಸರಿಯಲ್ಲವೆಂದು ಅವನಿಗೆ ಅನ್ನಿಸಿರಬಹುದು, ಆದರೆ ಅಕ್ಕನಿಗೆ ಎದುರಾಡಲಿಲ್ಲ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿಯ ಬಸ್ಸು ಹತ್ತಿದೆವು. ರೆಕಾರ್ಡ್ ಪ್ಲೇಯರ್ ನನ್ನ ತೊಡೆಯ ಮೇಲಿತ್ತು, ಪ್ಲೇಟು ಸುಶೀಲಳ ಮಡಿಲಲ್ಲಿ. ದಾರಿಯುದ್ದಕ್ಕೂ ನಾನೂ ನಾಗುವೂ ಯಾವ ಹಾಡು ಹಾಕಬೇಕೆಂದು ಚರ್ಚೆ ಮಾಡಿದೆವು. ಅವನು ಮೊದಲ ಮಗ್ಗುಲಿನ ಮೊದಲ ಹಾಡೇ ಆಗಬೇಕೆಂದ. ನಾನು ಎರಡನೆಯ ಮಗ್ಗುಲಿನ ಮೂರನೆಯದು ಎಂದೆ. ಇದ್ದುದರಲ್ಲಿ ಅದೇ ಸಾಧು. ಗದ್ದಲ ಎರಡು ನಿಮಿಷಕ್ಕೆ ಮುಗಿಯುತ್ತದೆಂದು ಅವನೇ ಹೇಳಿದ್ದ. ಬಸ್ ಸ್ಟಾಪಿನಲ್ಲಿ ಕಾಯುತ್ತ ನಿಂತ ಹುಡುಗನ ಇಂಗ್ಲಿಷ್ ಹಾಡು ಅದು, ಅವನು ಕಾಯುವ ಬಸ್ಸು ಕೊನೆಗೂ ಬರುವುದಿಲ್ಲ. "ಮೊದಲನೇದು ಕೇಳದೆ ಇದು ಅರ್ಥ ಆಗಲ್ಲ ಭಾವ" ಎಂದ. "ಅರ್ಥ ಆಗೋದು ಬೇಡ, ಮದುವೆ ಆಗ್ಲಿ" ಎಂದಳು ಸುಶೀಲ. ಅಲ್ಲಿಗೆ ಚರ್ಚೆ ಮುಗಿಯಿತು.

ಬೋರೇಗೌಡರ ಮನೆಯ ಪಡಸಾಲೆ ದೊಡ್ಡದು, ಹಗಲಿನಲ್ಲೂ ಮಬ್ಬು. ನಾವು ಬಂದೆವೆಂದು ಒಂದು ಬಲ್ಬು ಹಾಕಿದರು. ಬೋರೇಗೌಡರ ತಾಯಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ಅವರು ಕಂಬಕ್ಕೆ ಒರಗಿ ಕೂತು ನಾಗುವನ್ನು ಮೇಲಿಂದ ಕೆಳಗೆ ನೋಡಿ, "ಕೂದ್ಲು ನಮ್ ಭಾಗ್ಯನ್ಗಿಂತ ವಸಿ ಕಮ್ಮಿ ಅದೆ, ಪರ್ವಾಗಿಲ್ಲ ಬುಡು" ಎಂದರು. ಉಪ್ಪಿಟ್ಟು, ಬಾಳೆಹಣ್ಣು, ಕಾಫಿ ಆಯಿತು. ಭಾಗ್ಯ ಬಂದು ಕೂತು, ಹಾಡಮ್ಮಾ ಎಂದಾಗ ಒಂದು ದೇವರ ಪದ ಹಾಡಿದಳು. ಅಲಂಕಾರವಿಲ್ಲದ ಗಂಟಲು. ನಡುವೆ ಒಂದು ಕಡೆ ಸ್ವರ ಜಾರಿತು. ಅವಳು ಹಾಡು ನಿಲ್ಲಿಸಿ, "ತಪ್ಪೋಯ್ತು" ಎಂದು ಹೇಳಿ, ಆ ಸಾಲನ್ನು ಮತ್ತೆ ಮೊದಲಿಂದ ಹಾಡಿದಳು. ನಾನು ರೂಢಿಯಂತೆ ತಲೆದೂಗಿದೆ. ನಾಗು ತಲೆದೂಗಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ. ಇಷ್ಟು ದಿನ ಅಕ್ಕ ಭಾವಂದಿರಿಗಾಗಿ ಹೆಣ್ಣು ನೋಡಲು ಬರುತ್ತಿದ್ದವನು ಈ ಸಲ ತನಗಾಗಿ ನೋಡುತ್ತಿದ್ದಾನೆಂದು ನನಗೂ ಸುಶೀಲಳಿಗೂ ಒಟ್ಟಿಗೇ ತಿಳಿಯಿತು. ಸುಶೀಲ ನನ್ನ ಮೊಣಕೈ ಮುಟ್ಟಿದಳು. ಇನ್ನು ಇದು ತಪ್ಪಿಹೋದರೆ ಹುಡುಗ ಏಳುವುದಿಲ್ಲ ಎಂದು ಆ ಮುಟ್ಟುವಿಕೆಗೆ ಅರ್ಥ.

"ನಮ್ ಕೂಸು ಆಡ್ತು. ಈಗ ನಿಮ್ ಉಡುಗುಂದೂ ಕೇಳ್ಸಿ" ಎಂದರು ದೊಡ್ಡವ್ವ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿನ ಹಾಡು ಕೇಳುವ ಪದ್ಧತಿ ನಾನು ಕಂಡಿರಲಿಲ್ಲ. ಆದರೆ ಯೋಚಿಸಿದರೆ ಅದರಲ್ಲಿ ನ್ಯಾಯವಿತ್ತು. ನಾನೇ ಎದ್ದು ಪೆಟ್ಟಿಗೆ ತೆರೆದು, ತಂತಿ ಸಿಕ್ಕಿಸಿ, ಎರಡನೆಯ ಮಗ್ಗುಲಿನ ಮೂರನೆಯ ಹಾಡಿನ ಮೇಲೆ ಮುಳ್ಳಿಟ್ಟು, ಕಣ್ಣು ಮುಚ್ಚಿಕೊಂಡೆ.

ಗದ್ದಲ ಬರಲಿಲ್ಲ. ಬಂದದ್ದು ತಂಬೂರಿಯ ನಾದದಂಥ ಒಂದು ದಪ್ಪ, ಮೆತ್ತನೆಯ ಸದ್ದು. ಡ್ರಮ್ಮು ಎಲ್ಲೋ ದೂರದಲ್ಲಿ ಯಾರೋ ಬತ್ತ ಕುಟ್ಟುವಂತೆ ನಿಧಾನವಾಗಿ ಬೀಳುತ್ತಿತ್ತು. ಆಮೇಲೆ ನಾಗುವಿನ ದನಿ ಬಂತು. ಅದು ನಾಗುವಿನದಲ್ಲ, ಎಪ್ಪತ್ತು ವರ್ಷ ದಾಟಿದ ಯಾರೋ ಸನ್ಯಾಸಿಯದು. ಒಂದೊಂದು ಪದವೂ ಎದೆಯಾಳದಿಂದ ಎದ್ದು, ಎಳೆದುಕೊಂಡು, ಯಾವ ಅವಸರವೂ ಇಲ್ಲದೆ ಬರುತ್ತಿತ್ತು. ನನಗೆ ಆಶ್ಚರ್ಯವಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಕಾರಣ ಹುಡುಕಲು ಹೋಗಲಿಲ್ಲ. ಒಳ್ಳೆಯದು ತಾನಾಗಿ ಬಂದಾಗ ಎಲ್ಲಿಂದ ಬಂದೆ ಎಂದು ಕೇಳುವವನು ನಾನಲ್ಲ. ದೊಡ್ಡವ್ವ ಕೈಮುಗಿದರು. ಬೋರೇಗೌಡರು, "ಗಂಟ್ಲು ಚೆನ್ನಾಗದೆ. ವಯಸ್ಗೆ ಮೀರಿದ ಗಂಟ್ಲು" ಎಂದರು. ನನಗೆ ಧೈರ್ಯ ಬಂತು. ತೊಡೆಯ ಮೇಲೆ ತಾಳ ಹಾಕುತ್ತ, ಇದು ಪಾಶ್ಚಾತ್ಯರ ಆಲಾಪನೆಯ ಕ್ರಮ, ಸ್ವರವನ್ನು ಹೇಗೆ ನಿಲ್ಲಿಸಿ ನಿಲ್ಲಿಸಿ ಬಿಡುತ್ತಾನೆ ನೋಡಿ, ಇದಕ್ಕೆ ಬಹಳ ಸಾಧನೆ ಬೇಕು ಎಂದು ವಿವರಿಸಿದೆ. ಸಾಹಿತ್ಯದ ಅರ್ಥವೇನೆಂದು ಅವರು ಕೇಳಿದರು. ಜೀವಾತ್ಮ ಪರಮಾತ್ಮನಿಗಾಗಿ ದಾರಿ ಕಾಯುತ್ತಿದೆ ಎಂದೆ. ಬಸ್ಸಿನ ವಿಷಯ ಬಿಟ್ಟೆ. "ಬತ್ತಾನಾ?" ಎಂದರು ದೊಡ್ಡವ್ವ. ಈ ಹಾಡಿನಲ್ಲಿ ಬರುವುದಿಲ್ಲ ಎಂದೆ. ಅವರು ನಿಟ್ಟುಸಿರುಬಿಟ್ಟರು. ಸಂಬಂಧ ಕುದುರಿತೆಂದು ನನಗೆ ಖಾತ್ರಿಯಾಯಿತು. ಮನಸ್ಸಿನಲ್ಲೇ ಛತ್ರದ ಲೆಕ್ಕಾಚಾರಕ್ಕೆ ತೊಡಗಿದೆ.

ಪಕ್ಕದಲ್ಲಿ ನಾಗುವಿನ ಕಿವಿ ಕೆಂಪಗಾಗಿತ್ತು. "ಭಾವ, ಸ್ಪೀಡು" ಎಂದು ಪಿಸುಗುಟ್ಟಿದ. ನಾನು ಅವನ ತೊಡೆ ಚಿವುಟಿದೆ. ಇನ್ನೊಮ್ಮೆ ಚಿವುಟುವಷ್ಟರಲ್ಲಿ ಅವನು ಎದ್ದುಹೋಗಿ ಮುಳ್ಳನ್ನು ಎತ್ತಿಬಿಟ್ಟ.

"ಇದು ನಮ್ಮ ಹಾಡಲ್ಲ ಸಾರ್" ಎಂದ.

"ಮತ್ಯಾರ್ದು?" ಎಂದರು ಬೋರೇಗೌಡರು.

"ನಮ್ದೇ. ಆದ್ರೆ ಹಿಂಗಲ್ಲ. ಕರೆಂಟು ಕಮ್ಮಿ ಇದೆ, ಪ್ಲೇಟು ನಿಧಾನ ತಿರುಗ್ತಿದೆ. ಸರಿಯಾಗಿ ತಿರುಗಿದ್ರೆ ಇದು ಜೋರಾಗಿರುತ್ತೆ, ಗದ್ದಲ ಇರುತ್ತೆ. ನಿಮಗೆ ಹಿಡಿಸದೇ ಹೋಗಬಹುದು. ನನ್ನ ಗಂಟಲೂ ಇಷ್ಟು ಚೆನ್ನಾಗಿಲ್ಲ." ಇಷ್ಟು ಹೇಳಿ, ಒಮ್ಮೆ ಭಾಗ್ಯ ಇದ್ದ ಕಡೆ ನೋಡಿ, ತಕ್ಷಣ ನೆಲ ನೋಡಿದ. ಸುಶೀಲ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಆಗ ತಲೆಯೆತ್ತಿ ಬಲ್ಬು ನೋಡಿದೆ. ಅದರ ತಂತಿ ಕೆಂಡದ ಬಣ್ಣಕ್ಕಿತ್ತು. ನಾವು ಬಂದಾಗಿನಿಂದ ಹಾಗೇ ಇತ್ತು. ಮನೆಯಲ್ಲಿ ಪ್ಲೇಟಿನ ಗದ್ದಲವನ್ನು ಅಷ್ಟು ಸಲ ಕೇಳಿದವನಿಗೆ ಇದು ಹೊಳೆಯಬೇಕಿತ್ತು.

ಬೋರೇಗೌಡರು ಗದ್ದ ಸವರಿಕೊಂಡರು. "ಬ್ಯಾರೆ ಸ್ಪೀಡ್ಗೆ ಇಕ್ಕಕ್ಕಾಗಾಕಿಲ್ವ?" ನಾಗು ಗುಂಡಿ ತಿರುಗಿಸಿ ತೋರಿಸಿದ. ಸನ್ಯಾಸಿ ಹೋಗಿ ಶಿಶುವಿಹಾರದ ಮಕ್ಕಳು ಬಂದರು. "ಅದೂ ಸುಳ್ಳೇ" ಎಂದ ನಾಗು. ಬೋರೇಗೌಡರು "ಕರೆಂಟು ತಾನೆ?" ಎಂದು ಎದ್ದು ಜಗುಲಿಗೆ ಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಬದುಕುವವರು ಒಂದು ರೀತಿಯ ದಾಯಾದಿಗಳು. ಕರೆಂಟು ಬಂದ ಹೊತ್ತಿನಲ್ಲಿ ಎಲ್ಲರ ಮೋಟರೂ ಒಟ್ಟಿಗೆ ಓಡುತ್ತದೆ, ಎಲ್ಲರಿಗೂ ಅರ್ಧರ್ಧ ನೀರು ಬರುತ್ತದೆ, ಮನೆಯ ಬಲ್ಬು ಕೆಂಪಗಾಗುತ್ತದೆ. ಬೇಸಿಗೆಯ ಬೆಳೆ ನಿಂತಿರುವಾಗ ಯಾರೂ ತಾವಾಗಿ ಮೋಟರು ನಿಲ್ಲಿಸುವುದಿಲ್ಲ. ಹೆಣ ಎತ್ತುವ ಹೊತ್ತಿಗೆ ಬೇಕಾದರೆ ನಿಲ್ಲಿಸಿಯಾರು. ಬೋರೇಗೌಡರು ಮೊದಲು ತಮ್ಮ ಮೋಟರು ನಿಲ್ಲಿಸಿ ಬಂದರು. ಬದುವಿನ ಮೇಲೆ ನಿಂತು ಪಕ್ಕದ ಗದ್ದೆಯ ಜವರಪ್ಪನನ್ನು ಕೂಗಿದರು.

"ಲೇ ಜವ್ರಪ್ಪ, ಮೋಟ್ರು ವಸಿ ಆಫ್ ಮಾಡ್ಲಾ."

"ಯಾಕ್ಲಾ, ಏನಾತು?"

"ನಮ್ ಭಾಗ್ಯನ್ ನೋಡಾಕೆ ಗಂಡು ಬಂದದೆ. ಪದ ಆಡ್ತದಂತೆ. ಪೂರಾ ಕರೆಂಟು ಬೇಕಂತೆ."

ಇಂಥ ಗಂಡಿನ ವಿಷಯ ಜವರಪ್ಪ ಹಿಂದೆ ಕೇಳಿರಲಾರ. ಆದರೂ ತನ್ನದನ್ನು ನಿಲ್ಲಿಸಿ ಅವನು ಮುಂದಿನವನನ್ನು ಕೂಗಿದ, ಅವನು ಅದರ ಮುಂದಿನವನನ್ನು. ನಾವು ಪಡಸಾಲೆಯಲ್ಲಿ ಕೂತು ಬಲ್ಬನ್ನೇ ನೋಡುತ್ತಿದ್ದೆವು. ಒಂದೊಂದು ಮೋಟರು ನಿಂತಂತೆ ಅದು ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳುಪಿಗೆ ಬಂತು. ಕೊನೆಗೆ ಗೋಡೆಯ ಮೇಲಿನ ದೇವರ ಪಟಗಳಲ್ಲಿ ಯಾವ ದೇವರಿದ್ದಾರೆಂದು ಸ್ಪಷ್ಟವಾಗಿ ಕಂಡಿತು. ಮೋಟರು ನಿಲ್ಲಿಸಿದವರೆಲ್ಲ, ನೀರು ಹೇಗೂ ಹೋಯಿತು, ಕಾರಣವನ್ನಾದರೂ ನೋಡೋಣವೆಂದು ಕೆಸರುಗಾಲಿನಲ್ಲೇ ಬಂದು ಜಗುಲಿಯ ಮೇಲೆ ಕೂತರು. ದೊಡ್ಡವ್ವನ ಪಕ್ಕದಲ್ಲಿ ಕೂತಿದ್ದ ಭಾಗ್ಯ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ನಾಗು ಪ್ಲೇಟನ್ನು ತನ್ನ ಅಂಗಿಯ ತುದಿಯಿಂದ ಒರೆಸಿ ಮುಳ್ಳಿಟ್ಟ. ನಾನು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ.

ಗದ್ದಲ ಬಂತು. ಕುಕ್ಕೆಯ ಕೆಳಗಿದ್ದ ಕೋಳಿ ಕುಕ್ಕೆ ಸಮೇತ ಎದ್ದಿತು. ದೊಡ್ಡವ್ವ ಮುಗಿದಿದ್ದ ಕೈಗಳನ್ನು ಬಿಡಿಸಿ ಕಿವಿಗಳ ಮೇಲಿಟ್ಟುಕೊಂಡರು. ಸುಶೀಲ ಕಣ್ಣು ಮುಚ್ಚಿ ಯಾವುದೋ ದೇವರಿಗೆ ಹರಸಿಕೊಂಡದ್ದು ತುಟಿಗಳಿಂದ ತಿಳಿಯಿತು. ನಾನು ಬಾಗಿಲು ಎಷ್ಟು ದೂರವಿದೆಯೆಂದು ನೋಡಿಕೊಂಡೆ. ಜಗುಲಿಯ ಮೇಲಿದ್ದವರು ಮಾತ್ರ ಕದಲಲಿಲ್ಲ. ಜವರಪ್ಪ ಕತ್ತು ಓರೆ ಮಾಡಿ ಕೇಳಿ, ಪಕ್ಕದವನಿಗೆ ಹೇಳಿದ:

"ಗಾಳಿ ಇಡ್ಕೊಂಡದೆ ಕಣ್ಲಾ."

"ಊಂ ಕಣ, ನಮ್ ಮೋಟ್ರೂ ಇಂಗೇ ಕೆಮ್ಮೋದು."

"ಇರು ಇರು, ಈಗ ನೀರು ಎತ್ತದೆ."

ಎಲ್ಲರೂ ಕಾದರು. ಅವರು ದಿನವೂ ಕಾಯುವವರು. ಪೈಪಿನಲ್ಲಿ ಗಾಳಿ ಸೇರಿದ ಮೋಟರು ಗೊರಗೊರ ಎಂದು ಕಿರುಚಾಡುವುದನ್ನು ಕೇಳುತ್ತ, ನೀರು ಎಲ್ಲಿಯವರೆಗೆ ಬಂತೆಂದು ಸದ್ದಿನಲ್ಲೇ ಅಂದಾಜು ಮಾಡುತ್ತ ಬಾವಿಯ ಕಟ್ಟೆಯ ಮೇಲೆ ಕೂರುವುದು ಅವರಿಗೆ ಹೊಸದಲ್ಲ. ಎರಡು ನಿಮಿಷವಾಯಿತು. ಗದ್ದಲ ಒಂದು ಕಡೆ ಮುಗ್ಗರಿಸಿತು, ಅದರ ನಡುವಿನಿಂದ ಗಿಟಾರಿನ ಒಂದು ಎಳೆ ಎದ್ದಿತು, ನಾಗುವಿನ ಸಣ್ಣ, ಸಾಧಾರಣವಾದ, ತನ್ನದೇ ಆದ ದನಿ ಅದನ್ನು ಹಿಡಿದುಕೊಂಡಿತು. "ಬಂತು" ಎಂದ ಜವರಪ್ಪ. "ಬಂತಾ?" ಎಂದರು ಬೋರೇಗೌಡರು. "ಬಂತು ಬಂತು, ಪೂರಾ ಬಂತು" ಎಂದರು ಉಳಿದವರು. ದೊಡ್ಡವ್ವ ಒಂದು ಕಿವಿಯಿಂದ ಕೈ ತೆಗೆದರು.

ಹಾಡು ಮುಗಿದ ಮೇಲೆ ಜವರಪ್ಪ, "ಅಲ್ಲಪ್ಪ, ನೀರು ಇದ್ದೇ ಅದೆ ಅಂದ್ಮೇಲೆ ಅಷ್ಟೊತ್ತು ಗಾಳಿ ಯಾಕೆ?" ಎಂದು ಕೇಳಿದ. ಯಾರಾದರೂ ಈ ಪ್ರಶ್ನೆ ಕೇಳಲೆಂದು ನಾಗು ಬಹಳ ಕಾಲದಿಂದ ಕಾದಿದ್ದನೆಂದು ಕಾಣುತ್ತದೆ. ಜಗುಲಿಯ ಅಂಚಿಗೆ ಹೋಗಿ ಅವರ ನಡುವೆ ಕೂತುಬಿಟ್ಟ. ನಲ್ಲಿ ತಿರುಗಿಸಿದೊಡನೆ ಬರುವ ನೀರನ್ನು ಯಾರು ನೋಡುತ್ತಾರೆ, ಕಾದು ಬಂದ ನೀರನ್ನು ಎಲ್ಲರೂ ಎದ್ದು ನಿಂತು ನೋಡುತ್ತಾರಲ್ಲ ಎಂದ. ಅದು ಸರಿ ಎಂದು ಕೆಲವರು ಒಪ್ಪಿದರು. ನಲ್ಲಿ ನೀರೇ ವಾಸಿ ಎಂದು ಒಬ್ಬ ಕೊನೆಯವರೆಗೂ ವಾದಿಸಿದ. ಅವನು ತಂಡದಲ್ಲಿದ್ದರೆ ಇಂಪಿನ ಪಕ್ಷಕ್ಕೆ ಬಲ ಬರುತ್ತಿತ್ತು. ನಾನು ಆ ಚರ್ಚೆಯಲ್ಲಿ ಎಲ್ಲಿ ತಲೆದೂಗಬೇಕೆಂದು ತಿಳಿಯದೆ ಉಪ್ಪಿಟ್ಟಿನ ತಟ್ಟೆ ನೋಡುತ್ತ ಕೂತೆ. ಆಗ ಭಾಗ್ಯ ಬಾಗಿಲ ಹತ್ತಿರದಿಂದಲೇ, ಯಾರ ಕಡೆಗೂ ನೋಡದೆ, "ಇದ್ರ ಇನ್ನೊಂದ್ ಮಗ್ಲು ಹಾಕಾಕಿಲ್ವಾ?" ಎಂದಳು. ಆ 'ತಪ್ಪೋಯ್ತು' ಬಿಟ್ಟರೆ ಆ ದಿನ ಅವಳು ಆಡಿದ ಮಾತು ಅದೊಂದೇ. ನಾಗು ಪ್ಲೇಟು ಮಗುಚುವಾಗ ಅವನ ಕೈ ನ್ಯಾಯವಾಗಿ ಅದನ್ನು ಬೀಳಿಸಬೇಕಿತ್ತು, ಬೀಳಿಸಲಿಲ್ಲ. ಮೊದಲ ಮಗ್ಗುಲು ಮುಗಿಯುವವರೆಗೂ ಕಿರುಗಾವಲಿನ ಆ ಭಾಗದ ಗದ್ದೆಗಳು ಒಣಗಿದವು.

ಬಸ್ಸಿನವರೆಗೆ ಬೋರೇಗೌಡರು ನಮ್ಮನ್ನು ಬಿಡಲು ಬಂದರು. ನಾಗುವನ್ನು ಮುಂದೆ ಹೋಗಲು ಬಿಟ್ಟು ನಮ್ಮಿಬ್ಬರ ಜೊತೆ ಹಿಂದೆ ನಡೆದರು. "ನೋಡ್ರವ್ವ" ಎಂದು ಸುಶೀಲಳಿಗೆ ಹೇಳಿದರು, "ಪದ ನಂಗೆ ಒಪ್ಗೆ ಅಂತ ಏಳಾಕಿಲ್ಲ. ಉಡುಗ ಒಪ್ಗೆ. ಎಲ್ರೂ ಚೆನ್ನಾಗದೆ ಚೆನ್ನಾಗದೆ ಅಂತಿದ್ದಾಗ, ತನ್ ಪದಾನೇ ತಪ್ಪದೆ ಅಂತ ಎದ್ದು ನಿಂತ್ಕತು. ಎಣ್ಣು ಕೈತಪ್ತದೆ ಅಂತ ಗೊತ್ತಿದ್ದೂ ನಿಂತ್ಕತು. ಅಂಥವನ್ಗೆ ಮಗಳ್ನ ಕೊಟ್ರೆ ನಂಗೆ ನಿದ್ದೆ ಬತ್ತದೆ." ಸುಶೀಲ ಅಲ್ಲೇ ರಸ್ತೆಯಲ್ಲಿ ಅತ್ತುಬಿಟ್ಟಳು. ನಾನೂ ಏನಾದರೂ ಹೇಳಬೇಕೆಂದು, ಎಲ್ಲ ನಿಮ್ಮ ದೊಡ್ಡ ಮನಸ್ಸು ಗೌಡ್ರೇ ಎಂದು ಶುರು ಮಾಡಿದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು. "ಮೇಷ್ಟ್ರೇ, ಬೇಜಾರ್ ಮಾಡ್ಕಬ್ಯಾಡಿ. ಮುಂದ್ಲ ಮಾತುಕತೆಗೆ ಇವ್ರು ಬರ್ಲಿ, ಉಡುಗ ಬರ್ಲಿ, ಬೇಕಾದ್ರೆ ನಿಮ್ಮವ್ವ ಬರ್ಲಿ. ನೀವ್ ಬರೋದ್ ಬ್ಯಾಡ."

ನಾನು ಬೇಜಾರು ಮಾಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಂಡ್ಯ ಸೇರುವವರೆಗೂ ಸುಶೀಲಳ ಹತ್ತಿರ, ನಾನು ಅಲ್ಲಿ ಸಂಭಾಳಿಸದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ವಾದಿಸಿದೆ. "ಏನೂ ಆಗ್ತಿರ್ಲಿಲ್ಲ, ಸುಮ್ನಿರಿ" ಎಂದಳು. ಮಾತುಕತೆಯ ದಿನ ಬಂತು. ಅವಳೂ ನಾಗುವೂ ನನ್ನ ತಾಯಿಯೂ ಹಣ್ಣು ಹೂವು ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಹೋದರು. ಮನೆಯ ಹಿರಿಯನಾದ ನಾನು ಮನೆ ಕಾದೆ. ಮಧ್ಯಾಹ್ನ ಊಟವಾದ ಮೇಲೆ ಮಾಡಲು ಏನೂ ಇರಲಿಲ್ಲ. ಪ್ಲೇಯರ್ ತೆರೆದು ಪ್ಲೇಟು ಹಾಕಿದೆ. ತಲೆ ಎತ್ತಿ ಬಲ್ಬು ಹಾಕಿ ನೋಡಿದೆ, ಬೆಳ್ಳಗಿತ್ತು. ಎದುರಿಗೆ ಶಿರಸ್ತೇದಾರರಿರಲಿಲ್ಲ, ಹಿಂದೆ ಹೆಡ್‌ಮಾಸ್ತರರಿರಲಿಲ್ಲ, ಅರ್ಥ ಕೇಳುವವರು ಯಾರೂ ಇರಲಿಲ್ಲ. ಗದ್ದಲ ಬಂತು. ಹೋಗಲಿ, ಎಂದು ಕೂತೆ. ತಲೆನೋವು ಬರುವ ಹೊತ್ತಾಯಿತು, ಬರಲಿಲ್ಲ. ಆಮೇಲೆ ಅದು ಎದ್ದು ಬಂತು, ಅವನು ಹೇಳಿದ ಹಾಗೆಯೇ. ಬಾರದ ಬಸ್ಸಿಗೆ ಕಾಯುತ್ತ ನಿಂತ ಹುಡುಗ ನಿಜವಾಗಿಯೂ ಬಸ್ಸಿಗೇ ಕಾಯುತ್ತಿದ್ದ, ಪರಮಾತ್ಮನಿಗಲ್ಲ. ಅಷ್ಟಕ್ಕೇ ನನಗೆ ಅಳು ಬಂದಂತಾಯಿತು. ಅದನ್ನು ಮತ್ತೆ ಹಾಕಿ ಕೇಳಿದೆ, ಎರಡು ಮಗ್ಗುಲನ್ನೂ ಕೇಳಿದೆ. ಯಾರೂ ಇಲ್ಲದ ಮನೆಯಲ್ಲಿ ನನಗೆ ಒಂದು ಸಂಗೀತ ಇಷ್ಟವಾಗಿಬಿಟ್ಟಿತ್ತು.

ಸಂಜೆ ಅವರು ಬಂದರು. ಮದುವೆ ಗಟ್ಟಿಯಾಗಿತ್ತು. ಸುಶೀಲ ಒಳಗೆ ಹೋದ ಮೇಲೆ ನಾನು ನಾಗುವನ್ನು ಪಕ್ಕಕ್ಕೆ ಕರೆದು, ಮಧ್ಯಾಹ್ನ ನಿನ್ನ ಪ್ಲೇಟನ್ನು ಪೂರ್ತಿ ಕೇಳಿದೆ ಕಣಪ್ಪಾ, ಬಹಳ ಚೆನ್ನಾಗಿದೆ, ಮನಸ್ಸಿಗೆ ತಟ್ಟಿತು ಎಂದೆ. ನನ್ನ ಜೀವಮಾನದಲ್ಲಿ ಸಂಗೀತದ ವಿಷಯವಾಗಿ ನಾನು ಆಡಿದ ಮೊದಲನೆಯ ನಿಜ ಅದು. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ಪ್ರೀತಿಯಿಂದಲೇ ನೋಡಿದ.

"ಯಾವ ಸ್ಪೀಡಲ್ಲಿ ಕೇಳಿದ್ರಿ ಭಾವ?" ಎಂದ.